ಬಾಟಲಿ ಬೊಲೊನೀಸ್ ಬಡಿಸಿ ಬೊಲೊನ್ಯಾದವರ ಮುಂದೆ ಮರ್ಯಾದೆ ಕಳೆದುಕೊಂಡೆ

ಗಿರಿನಗರ ಗೆಳೆಯ:
ಎಲ್ಲರಿಗೂ ನಮಸ್ಕಾರ. ಹೋದ ಶನಿವಾರದ ಕಥೆ. ಇಟಲಿಯ ಬೊಲೊನ್ಯಾದಿಂದ ಒಬ್ಬರು ನಮ್ಮ ಆಫೀಸಿಗೆ ಆರು ವಾರದ ಕೆಲಸಕ್ಕೆ ಬಂದಿದ್ದಾರೆ. ಪಾಪ, ದಿನಾ ಹೋಟೆಲ್ ಊಟ ಅಂತ ಮನೆಗೆ ಕರೆದೆ. ಬಿಸಿಬೇಳೆ ಬಾತ್ ಮಾಡೋಣ ಅಂತ ಹೆಂಡತಿ ಹೇಳಿದಳು. ನಾನು ಮಹಾ ಬುದ್ಧಿವಂತ, ಅವರೂರಿನದ್ದೇ ಮಾಡಿ ಬಡಿಸ್ತೀನಿ ಅಂತ ಹೊರಟೆ. ಸೂಪರ್ ಮಾರ್ಕೆಟಿನಿಂದ "ಬೊಲೊನೀಸ್" ಅಂತ ಬರೆದಿದ್ದ ಗಾಜಿನ ಬಾಟಲಿ ತಂದೆ. ಸ್ಪಗೆಟಿ ಬೇಯಿಸಿದೆ, ಸಾಸ್ ಬಿಸಿ ಮಾಡಿದೆ, ಸುರಿದೆ.

ಅವರು ತಟ್ಟೆ ಖಾಲಿ ಮಾಡಿದರು. ಆಮೇಲೆ ಮೆತ್ತಗೆ ಕೇಳಿದರು, "ಚೆನ್ನಾಗಿದೆ. ಇದಕ್ಕೆ ಏನಂತಾರೆ?"

ಹೆಂಡತಿ ಅಡುಗೆಮನೆಯಲ್ಲಿ ನಕ್ಕಿದ್ದು ಹಾಲಿಗೆ ಕೇಳಿಸಿತು.

ಬಾಟಲಿ ಈಗ ಕೈಯಲ್ಲಿದೆ. ಲೇಬಲ್ ಓದುತ್ತಿದ್ದೇನೆ. ಟೊಮೆಟೊ, ಟೊಮೆಟೊ ಪೇಸ್ಟ್, ನೀರು, ಈರುಳ್ಳಿ, ಸಕ್ಕರೆ, ಸ್ಟಾರ್ಚ್, ಉಪ್ಪು, ಬೆಳ್ಳುಳ್ಳಿ, ಬೇಸಿಲ್. ಮಾಂಸವೇ ಇಲ್ಲ! ಖೀಮಾ ನೀವೇ ಸೇರಿಸಿಕೊಳ್ಳಿ ಅಂತ ಹಿಂದುಗಡೆ ಇರುವೆ ಸಾಲಿನ ಅಕ್ಷರದಲ್ಲಿದೆ. ನಾನು ನೋಡಿರಲಿಲ್ಲ. ಅಂದರೆ ಆ ಮನುಷ್ಯನಿಗೆ ನಾನು ಬಡಿಸಿದ್ದು ಸಿಹಿ ಟೊಮೆಟೊ ಗೊಜ್ಜು.

ಅವರು ಮೂರು ವಾರ ಇನ್ನೂ ಇಲ್ಲೇ ಇರುತ್ತಾರೆ. ಮತ್ತೆ ಕರೆಯಬೇಕು. ನಿಜವಾದ್ದು ಹೇಗಿರುತ್ತೆ, ಯಾರಾದರೂ ಹೇಳಿ.

ಒಗ್ಗರಣೆ ಸೌಟು:
ಹೆಂಡತಿ ಮಾತು ಕೇಳಬೇಕಿತ್ತು. ಮುಂದಿನವರು ಹೇಳಿ.

ಪೋರ್ಟಿಕೊ ನೆರಳು:
ನಾನು ಬೊಲೊನ್ಯಾದಲ್ಲಿ ಎರಡು ವರ್ಷ ಓದಿದವನು. ಮೊದಲನೇ ತಪ್ಪು ಸ್ಪಗೆಟಿ. ಆ ಊರಲ್ಲಿ ಮಾಂಸದ ರಗೂ (ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಸಾಸ್) ಕಲಸೋದು ತಾಲ್ಯಾತೆಲ್ಲೆಗೆ, ಅಂದರೆ ಮೊಟ್ಟೆ ಹಾಕಿ ಕಲಸಿದ ಚಪ್ಪಟೆ ರಿಬ್ಬನ್ನಿನಂಥ ಪಾಸ್ತಾಗೆ. ಇಲ್ಲದಿದ್ದರೆ ಲಸಾನ್ಯ ಅನ್ನೋ ಅಗಲ ಹಾಳೆಯಂಥ ಪಾಸ್ತಾ ಪದರದ ನಡುವೆ ಹಾಕುತ್ತಾರೆ. ನುಣುಪಾದ ಸ್ಪಗೆಟಿ ಎಳೆಗೆ ಖೀಮಾ ಹಿಡಿಯೋದಿಲ್ಲ, ತಟ್ಟೆ ತಳಕ್ಕೆ ಜಾರುತ್ತೆ. ಕೊನೆಗೆ ಚಮಚ ಹುಡುಕಬೇಕು. 2019ರಲ್ಲಿ ಬೊಲೊನ್ಯಾದ ಮೇಯರ್ ವಿರ್ಜಿನಿಯೊ ಮೆರೋಲಾ ಇದನ್ನೇ ಹೇಳಿಕೊಂಡು ಗೋಳಾಡಿದ್ದರು. ನಮ್ಮಲ್ಲಿ ಸ್ಪಗೆಟಿ ಬೊಲೊನೀಸ್ ಅನ್ನೋದೇ ಇಲ್ಲ, ಆದರೂ ಲೋಕವೆಲ್ಲ ನಮ್ಮೂರನ್ನು ಅದರಿಂದಲೇ ಗುರುತಿಸುತ್ತೆ ಅಂತ.

ಎರಡನೇದು ಬೆಳ್ಳುಳ್ಳಿ, ಬೇಸಿಲ್. ಬೊಲೊನ್ಯಾದ ರಗೂನಲ್ಲಿ ಎರಡೂ ಇರೋದಿಲ್ಲ.

ಮೂರನೇದೇ ದೊಡ್ಡದು. ಬಾಟಲಿಯಲ್ಲಿ ಇರೋದು ಟೊಮೆಟೊ ಸಾಸ್, ಮಾಂಸ ಅದಕ್ಕೆ ನೆಂಟ. ಅಲ್ಲಿ ಮಾಂಸವೇ ಮನೆ ಯಜಮಾನ, ಟೊಮೆಟೊ ನೆಂಟ. ಬಂದರೂ ಜಾಸ್ತಿ ಹೊತ್ತು ಕೂರೋದಿಲ್ಲ.

ಲೆಕ್ಕ ಬೇಕಾ? ಇಟಾಲಿಯನ್ ಅಕಾಡೆಮಿ ಆಫ್ ಕ್ವಿಸೀನ್ ಅಂತ ಒಂದು ಸಂಸ್ಥೆ ಇದೆ. ಅದರ ಬೊಲೊನ್ಯಾ ಶಾಖೆ 1982ರ ಅಕ್ಟೋಬರ್ 17ರಂದು ರಗೂ ಮಾಡುವ ವಿಧಾನವನ್ನು ಊರಿನ ಚೇಂಬರ್ ಆಫ್ ಕಾಮರ್ಸ್‌ನಲ್ಲಿ ದಾಖಲೆ ಮಾಡಿಸಿತು. 2023ರ ಏಪ್ರಿಲ್‌ನಲ್ಲಿ ಅದನ್ನು ತಿದ್ದಿದರು. ಈಗಿನ ಅಳತೆ ಹೀಗಿದೆ. ದಪ್ಪಗೆ ಅರೆದ ದನದ ಮಾಂಸ 400 ಗ್ರಾಂ, ಪಾನ್ಚೆತ್ತಾ (ಹೊಗೆ ಹಾಕದ ಹಂದಿ ಹೊಟ್ಟೆಭಾಗ) 150 ಗ್ರಾಂ, ಈರುಳ್ಳಿ, ಕ್ಯಾರೆಟ್, ಸೆಲರಿ ತಲಾ 60 ಗ್ರಾಂ, ಒಂದು ಲೋಟ ವೈನ್, ಸೋಸಿದ ಟೊಮೆಟೊ 200 ಗ್ರಾಂ, ಟೊಮೆಟೊ ಪೇಸ್ಟ್ ಒಂದು ಚಮಚ, ಮನಸ್ಸಿದ್ದರೆ ಒಂದು ಲೋಟ ಹಾಲು, ಬೇಯೋಕೆ ಮಾಂಸದ ಸ್ಟಾಕು (ಮಾಂಸ ಬೇಯಿಸಿ ಸೋಸಿದ ನೀರು). ಕೂಡಿ ನೋಡಿ. 550 ಗ್ರಾಂ ಮಾಂಸಕ್ಕೆ 200 ಗ್ರಾಂ ಟೊಮೆಟೊ. ನಿಮ್ಮ ಬಾಟಲಿಯದ್ದು ತಿರುಗಾ ಮುರುಗಾ.

ಒಗ್ಗರಣೆ ಸೌಟು:
ಚೇಂಬರ್ ಆಫ್ ಕಾಮರ್ಸ್‌ನಲ್ಲಿ ಸಾಸ್ ನೋಂದಣಿಯಾ? ನಮ್ಮಮ್ಮನ ಸಾರಿನ ಪುಡಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ತಗೊಂಡು ಹೋದ ಹಾಗಾಯ್ತು. ಸ್ಟಾಂಪ್ ಡ್ಯೂಟಿ ಎಷ್ಟು?

ಪೋರ್ಟಿಕೊ ನೆರಳು:
ಇನ್ನೂ ಕೇಳಿ. ತಾಲ್ಯಾತೆಲ್ಲೆಯ ಅಗಲವನ್ನೂ 1972ರಲ್ಲಿ ಅಲ್ಲೇ ದಾಖಲೆ ಮಾಡಿಸಿದ್ದಾರೆ. ಬೆಂದ ಮೇಲೆ 8 ಮಿಲಿಮೀಟರ್. ಊರಿನ ಅಸಿನೆಲ್ಲಿ ಗೋಪುರದ ಎತ್ತರದಲ್ಲಿ 12,270ರಲ್ಲಿ ಒಂದು ಭಾಗವಂತೆ! ಮಾದರಿಗೆ ಚಿನ್ನದ ಎಳೆಯೊಂದನ್ನು ಇಟ್ಟಿದ್ದಾರೆ. ನಾನು ತಮಾಷೆ ಮಾಡುತ್ತಿಲ್ಲ.

ಒಗ್ಗರಣೆ ಸೌಟು:
ಸರಿ ಸರ್, ಆದರೆ ನನ್ನ ತಕರಾರು ಇರೋದೇ ಇಲ್ಲಿ. 1982ರಲ್ಲಿ ದಾಖಲಾದದ್ದು "ಸಂಪ್ರದಾಯ" ಹೇಗಾಗುತ್ತೆ? ಅದಕ್ಕೂ ಮುಂಚೆ ಮನೆಮನೆಯಲ್ಲಿ ಬೇರೆ ಬೇರೆ ತರಹ ಮಾಡುತ್ತಿದ್ದರು, ಅಲ್ವಾ? ನಾಲ್ಕು ಜನ ಕೋಟು ಹಾಕಿಕೊಂಡವರು ಕೂತು ಇದೇ ಸರಿ ಅಂದರೆ ಆಯ್ತಾ? ಇದೂ ಒಂದು ಬ್ರ್ಯಾಂಡೇ. ಬಾಟಲಿ ಇಲ್ಲ ಅಷ್ಟೇ.

ಪೋರ್ಟಿಕೊ ನೆರಳು:
ಅರ್ಧ ಒಪ್ಪುತ್ತೇನೆ. 1982ರ ಪಟ್ಟಿಯಲ್ಲಿ ಟೊಮೆಟೊ ಸಾಸ್ ಬರೀ ಐದು ಚಮಚ ಇತ್ತು, ಇಲ್ಲವೇ 20 ಗ್ರಾಂ ಗಟ್ಟಿ ಪೇಸ್ಟು. ಅದೇ ಈಗ 200 ಗ್ರಾಂ ಆಗಿದೆ. ಮಾಂಸ 300 ಗ್ರಾಂ ಇದ್ದದ್ದು 400 ಆಗಿದೆ. ಹಿಂದೆ ಹೋದರೆ ಟೊಮೆಟೊನೇ ಮಾಯ. 1891ರಲ್ಲಿ ಪೆಲ್ಲೆಗ್ರೀನೊ ಅರ್ತೂಸಿ ತಮ್ಮ ಪ್ರಸಿದ್ಧ ಅಡುಗೆ ಪುಸ್ತಕದಲ್ಲಿ ಬೊಲೊನ್ಯಾ ಶೈಲಿಯ ಮಾಂಸದ ಸಾಸ್ ಬರೆದರು. ಅದರಲ್ಲಿ ಎಳೆ ಕರುವಿನ ಮಾಂಸ, ಪಾನ್ಚೆತ್ತಾ, ಬೆಣ್ಣೆ, ಈರುಳ್ಳಿ, ಕ್ಯಾರೆಟ್, ಸೆಲರಿ, ಸ್ಟಾಕು, ಒಂಚೂರು ಜಾಯಿಕಾಯಿ. ಟೊಮೆಟೊ ಇಲ್ಲವೇ ಇಲ್ಲ. ತಮಾಷೆ ಅಂದರೆ ಈಗಿನ ದಾಖಲೆಯ ಪ್ರಕಾರ ಕರುವಿನ ಮಾಂಸ ನಿಷಿದ್ಧ. ಬೆಳ್ಳುಳ್ಳಿ, ರೋಸ್‌ಮರಿ, ಪಾರ್ಸ್ಲಿ, ಬ್ರಾಂಡಿ, ಮೈದಾಹಿಟ್ಟು, ಹೊಗೆ ಹಾಕಿದ ಪಾನ್ಚೆತ್ತಾ ಎಲ್ಲವೂ ಆ ನಿಷೇಧದ ಪಟ್ಟಿಯಲ್ಲಿವೆ. ಕೋಳಿ ಈಲಿ ಹಾಕಬಹುದು, ಕೊನೆಗೆ ಬಟಾಣಿ ಹಾಕಬಹುದು.

ರಗೂ ಅನ್ನೋ ಹೆಸರೇ ಫ್ರೆಂಚಿನ ರಗೂಟಿಂದ ಬಂದದ್ದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಮೋಲಾ ಊರಿನ ಕಾರ್ಡಿನಲ್ ಮನೆಯ ಅಡುಗೆಯವನು ಅಲ್ಬೆರ್ತೊ ಅಲ್ವೀಸಿ ಅದನ್ನು ಪಾಸ್ತಾಗೆ ಹಾಕುವ ವಿಧಾನ ಬರೆದಿಟ್ಟ. ಆ ಕಾರ್ಡಿನಲ್ಲೇ ಮುಂದೆ ಏಳನೇ ಪಯಸ್ ಪೋಪ್ ಆದರು.

ಅಳತೆ ಬದಲಾಗಿದೆ, ಕ್ರಮ ಬದಲಾಗಿಲ್ಲ. ನಾನಿದ್ದ ಮನೆಯ ಓನರಜ್ಜಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮೊದಲು ಪಾನ್ಚೆತ್ತಾ ಕೊಚ್ಚಿ ಸಣ್ಣ ಉರಿಯಲ್ಲಿ ಕೊಬ್ಬು ಬಿಡಿಸುತ್ತಿದ್ದರು. ಅದಕ್ಕೆ ಮೂರು ತರಕಾರಿ, ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದಾಗಿ ಹೆಚ್ಚಿದ್ದು. ಬಣ್ಣ ಬರುವ ಹಾಗಿಲ್ಲ, ಬಾಡಬೇಕು. ಆಮೇಲೆ ಮಾಂಸ. ಆಗ ಅಜ್ಜಿ ಮಾತು ನಿಲ್ಲಿಸುತ್ತಿದ್ದರು. ಮೊದಲು ಮಾಂಸ ನೀರು ಬಿಟ್ಟುಕೊಂಡು ಬುಸುಬುಸು ಅನ್ನುತ್ತೆ. ಹತ್ತು ನಿಮಿಷ ಆದಮೇಲೆ ಸದ್ದು ಬದಲಾಗಿ ಚುರುಚುರು ಅನ್ನುತ್ತೆ. ನೀರು ಹೋಯಿತು, ಇನ್ನು ಕೊಬ್ಬಿನಲ್ಲಿ ಹುರಿಯುತ್ತಿದೆ ಅಂತ ಅರ್ಥ. ಅಲ್ಲಿಯವರೆಗೆ ವೈನ್ ಬಾಟಲಿ ಮುಟ್ಟಿದರೆ ಕೈಗೆ ಸೌಟಿನ ಏಟು. ಅಕಾಡೆಮಿಯ ಕಾಗದದಲ್ಲೂ ಇದೇ ಸದ್ದಿನ ಮಾತಿದೆ. ವೈನ್ ಪೂರ್ತಿ ಆವಿಯಾದ ಮೇಲೆ ಟೊಮೆಟೊ, ಸ್ಟಾಕು. ಆಮೇಲೆ ಎರಡು ಗಂಟೆ, ಆಗದಿದ್ದರೆ ಮೂರು.

ಗಿರಿನಗರ ಗೆಳೆಯ:
ಕುಕ್ಕರ್‌ನಲ್ಲಿ ನಾಲ್ಕು ವಿಸಲ್ ಹೊಡೆಸಿದರೆ ಆಗಲ್ವಾ ಸರ್?

ಪೋರ್ಟಿಕೊ ನೆರಳು:
ಮಾಂಸ ಬೇಯುತ್ತೆ, ರಗೂ ಆಗೋದಿಲ್ಲ. ಕುಕ್ಕರ್‌ನಲ್ಲಿ ನೀರು ಒಳಗೇ ಉಳಿಯುತ್ತೆ. ಇಲ್ಲಿ ಕೆಲಸ ಇರೋದೇ ನೀರನ್ನು ಹೊರಗೆ ಕಳಿಸೋದರಲ್ಲಿ. ಪಲ್ಯಕ್ಕೂ ಸಾರಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ.

ಸಾರನ್ನ:
ಒಂದು ನಿಮಿಷ. ಮಾಂಸಕ್ಕೆ ಹಾಲಾ?! ನಮ್ಮಜ್ಜಿ ಕೇಳಿದ್ದರೆ ಪಾತ್ರೆ ಸಮೇತ ಹೊರಗೆ ಹಾಕುತ್ತಿದ್ದರು. ಅದಿರಲಿ, ಟೊಮೆಟೊ ಹುಳಿಗೆ ಹಾಲು ಒಡೆಯಲ್ವಾ?

ಡಬ್ಬಿ ಮುಚ್ಚಳ:
ಒಡೆಯುತ್ತೆ, ಆದರೆ ಪುಡಿಪುಡಿಯಾಗಿ. ಸಾಸ್ ಗಟ್ಟಿ ಇದೆ, ಕೊಬ್ಬಿದೆ, ಮೇಲೆ ಗಂಟೆಗಟ್ಟಲೆ ಕುದಿಯುತ್ತೆ. ಕಣ್ಣಿಗೆ ಬೀಳೋದಿಲ್ಲ. ಹುಳಿಯ ಮೊನೆ ಮುರಿಯುತ್ತೆ, ಅಷ್ಟೇ.

ಬಂದಿದ್ದೇನಲ್ಲ, ಬಾಟಲಿ ಪರವಾಗಿ ಎರಡು ಮಾತು ಹೇಳಿಬಿಡುತ್ತೇನೆ. ನಾನು ಹನ್ನೊಂದು ವರ್ಷ ಆಹಾರ ಡಬ್ಬೀಕರಣದ ಕಾರ್ಖಾನೆಯಲ್ಲಿ ಇದ್ದವನು. ಎಲ್ಲರೂ ಕಂಪನಿಯವರು ಕಳ್ಳರು ಅಂತ ಸುಮ್ನೆ ಬೈಯುತ್ತಾರೆ. ಬಾಟಲಿ ಯಾಕೆ ಹಾಗಿದೆ ಅನ್ನೋದಕ್ಕೆ ಕಾರಣಗಳಿವೆ.

ಮೊದಲನೆಯದು ಹುಳಿ. ಡಬ್ಬಿ ಆಹಾರದ ಲೋಕದಲ್ಲಿ ಪಿಹೆಚ್ (ಹುಳಿಯ ಅಳತೆ) 4.6 ಅನ್ನೋದು ಲಕ್ಷ್ಮಣರೇಖೆ. ಅದಕ್ಕಿಂತ ಕೆಳಗೆ, ಅಂದರೆ ಹುಳಿ ಜಾಸ್ತಿ ಇದ್ದರೆ, ಬೊಟುಲಿಸಂ ಅನ್ನೋ ಮಾರಕ ಆಹಾರ ವಿಷ ತರುವ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ. ಬಿಸಿ ಬಿಸಿ ತುಂಬಿ ಮುಚ್ಚಿದರೆ ಸಾಕಾಗುತ್ತೆ. ಬರೀ ಟೊಮೆಟೊ ಸಾಸಿಗೆ ಇದು ಸುಲಭ. ಮಾಂಸ ಜಾಸ್ತಿ, ಟೊಮೆಟೊ ಕಮ್ಮಿ ಆದರೆ ರೇಖೆ ದಾಟುತ್ತೆ. ಆಗ ಬಾಟಲಿಯನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಬೇಕು. ಆ ಕಾವಿನಲ್ಲಿ ಖೀಮಾ ಇನ್ನೊಂದು ಸಲ ಬೆಂದು ಹಿಟ್ಟುಹಿಟ್ಟಾಗುತ್ತೆ, ಒಂಥರಾ ಡಬ್ಬಿ ವಾಸನೆ ಬರುತ್ತೆ. ಅದಕ್ಕೇ ಎಷ್ಟೋ ಬ್ರ್ಯಾಂಡುಗಳು ಮಾಂಸವನ್ನೇ ಬಿಟ್ಟು, ನೀವೇ ಹಾಕಿಕೊಳ್ಳಿ ಅನ್ನೋದು. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಮನೆಮಾತಾಗಿರುವ ಡೋಲ್ಮಿಯೊ ಬೊಲೊನೀಸ್ ಬಾಟಲಿಯೂ ಹಾಗೇ.

ಎರಡನೆಯದು ಹುರಿಯೋದು. ಪೋರ್ಟಿಕೊ ಅವರು ಹೇಳಿದ ಚುರುಚುರು ಸದ್ದು ದೊಡ್ಡ ಹಂಡೆಯಲ್ಲಿ ಬರೋದೇ ಇಲ್ಲ. ನೂರಾರು ಕೆಜಿ ಖೀಮಾ ಒಟ್ಟಿಗೆ ಸುರಿದರೆ ತನ್ನ ನೀರಲ್ಲೇ ಬೇಯುತ್ತೆ. ನೀರನ್ನು ಆವಿ ಮಾಡಿ ಕಳಿಸೋದು ಅಂದರೆ ದುಡ್ಡು ಕಿಟಕಿಯಿಂದ ಎಸೆದ ಹಾಗೆ. ತೂಕ ಇಳಿಯುತ್ತೆ, ಇಂಧನ ಖರ್ಚು. ಬದಲಿಗೆ ಸ್ಟಾರ್ಚ್ ಹಾಕಿದರೆ ಐದು ನಿಮಿಷದಲ್ಲಿ ಗಟ್ಟಿ. ಟೊಮೆಟೊ ಹುಳಿ ಮುಚ್ಚೋಕೆ ಸಕ್ಕರೆ. ಹುರಿದ ರುಚಿ ಇಲ್ಲದ್ದನ್ನು ಮುಚ್ಚೋಕೆ ಬೆಳ್ಳುಳ್ಳಿ ಪುಡಿ, ಒಣ ಸೊಪ್ಪು. ಒಂದರ ಬೆನ್ನಿಗೆ ಒಂದು ಬರುತ್ತೆ.

ಗಂಭೀರವಾಗಿ ಒಂದು ಮಾತು. ಮನೆಯಲ್ಲಿ ರಗೂ ಮಾಡಿ ಉಪ್ಪಿನಕಾಯಿ ತರಹ ಬಾಟಲಿಗೆ ತುಂಬಿ ಕಪಾಟಿನಲ್ಲಿ ಇಡಬೇಡಿ. ಬಾಟಲಿಯನ್ನು ನೀರಲ್ಲಿ ಕುದಿಸಿದರೂ ಮಾಂಸದ ಸಾಸಿಗೆ ಅದು ಸಾಲದು. ಫ್ರೀಜರ್‌ಗೆ ಹಾಕಿ.

ನ್ಯೂಜೆರ್ಸಿ ನಾಗು:
ಅಮೆರಿಕದ ಕಥೆ ನಾನು ಹೇಳುತ್ತೇನೆ. ಇಲ್ಲಿ "ಸ್ಪಗೆಟಿ ಸಾಸ್ ವಿತ್ ಮೀಟ್" ಅಂತ ಮಾರಬೇಕಾದರೆ ಸರ್ಕಾರದ ನಿಯಮ ಕೇಳೋದು ಕನಿಷ್ಠ 6% ಮಾಂಸ, ಅದೂ ಹಸಿ ಮಾಂಸದ ತೂಕದಲ್ಲಿ. ಮೇಲೆ ಕೊಟ್ಟ ಬೊಲೊನ್ಯಾ ಲೆಕ್ಕದಲ್ಲಿ ಸ್ಟಾಕು, ವೈನ್, ಹಾಲು ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಮಾಂಸವೇ.

ಇಲ್ಲಿನ ದೊಡ್ಡ ಬ್ರ್ಯಾಂಡಿನ ಹೆಸರೇ ರಗೂ. 1937ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಜೊವಾನ್ನಿ ಮತ್ತು ಅಸುಂತಾ ಕಾಂತಿಸಾನೊ ಅನ್ನೋ ವಲಸೆ ದಂಪತಿ ಶುರು ಮಾಡಿದ್ದು. ಆಮೇಲೆ ಚೀಸ್‌ಬ್ರೋ ಪಾಂಡ್ಸ್ ಕೈಗೆ ಹೋಯಿತು. ಹೌದು, ವ್ಯಾಸಲೀನ್ ಮಾಡುತ್ತಿದ್ದವರೇ! ಅಲ್ಲಿಂದ ಯೂನಿಲಿವರ್, 2014ರಿಂದ ಜಪಾನಿನ ಮಿಜ್ಕಾನ್, ಅವರ ಕಸುಬು ವಿನೆಗರ್. ಹೆಸರಿನ ಕೊನೇ ಅಕ್ಷರದ ಮೇಲೆ ಇಟಾಲಿಯನ್ನರು ಹಾಕುವ ಗೀಟು ಎಡಕ್ಕೆ ವಾಲುತ್ತೆ. ಬಾಟಲಿ ಮೇಲಿನದ್ದು ಬಲಕ್ಕೆ ವಾಲಿದೆ. ಇಟಾಲಿಯನ್ ಸಹೋದ್ಯೋಗಿ ತೋರಿಸಿದ ಮೇಲೆ ನನಗೆ ಅದೇ ಕಾಣುತ್ತೆ.

1981ರಲ್ಲಿ ಕ್ಯಾಂಪ್‌ಬೆಲ್ ಕಂಪನಿ ಪ್ರೆಗೊ ಅಂತ ಎದುರಾಳಿಯನ್ನು ಬಿಟ್ಟಿತು. ಮಾರಾಟ ಏರಲಿಲ್ಲ ಅಂತ ಹೊವಾರ್ಡ್ ಮಾಸ್ಕೊವಿಟ್ಜ್ ಅನ್ನೋ ರುಚಿ ಸಂಶೋಧಕರನ್ನು ಕರೆಸಿದರು. ಅವರು ಹುಳಿ, ಸಿಹಿ, ಗಟ್ಟಿತನ ಬದಲಿಸಿ 45 ಬಗೆಯ ಸಾಸ್ ಮಾಡಿಸಿ ಜನಕ್ಕೆ ತಿನ್ನಿಸಿದರು. ಬಹಳಷ್ಟು ಜನಕ್ಕೆ ಬೇಕಾಗಿದ್ದು ದಪ್ಪ ದಪ್ಪ ಹೋಳಿರುವ ಸಾಸ್. ಆಗ ಅಂಗಡಿಯಲ್ಲಿ ಅದು ಸಿಗುತ್ತಲೇ ಇರಲಿಲ್ಲ. "ನಿಜವಾದ ಇಟಾಲಿಯನ್ ಸಾಸ್ ಯಾವುದು" ಅಂತ ಅವರು ಕೇಳಲೇ ಇಲ್ಲ. ಜನಕ್ಕೆ ಯಾವುದು ಇಷ್ಟ ಅಂತ ಕೇಳಿದರು. ಎರಡೂ ಬೇರೆ ಪ್ರಶ್ನೆ.

ಇನ್ನೊಂದು. ಇಲ್ಲಿ ದುಬಾರಿ ಸಾಸ್ ಒಂದಿದೆ. ಬಾಟಲಿ ಮೇಲಿನ ಇಂಗ್ಲಿಷ್ ಸ್ಪೆಲಿಂಗ್ ಓದಿ ಬಂದ ಹೊಸದರಲ್ಲಿ "ನಮ್ಮ ರಾವ್ ಅವರ ಕಂಪನಿ, ಮಂಗಳೂರು ಕಡೆಯವರಿರಬೇಕು" ಅಂತ ಹೆಮ್ಮೆಯಿಂದ ಎರಡು ಬಾಟಲಿ ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದು ರೇಯೋಸ್ (Rao's). 1896ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಶುರುವಾದ ಇಟಾಲಿಯನ್ ಹೋಟೆಲಿನ ಹೆಸರು. ಆ ಸಾಸಿನ ಮಾಲೀಕ ಕಂಪನಿಯನ್ನೂ 2024ರಲ್ಲಿ ಕ್ಯಾಂಪ್‌ಬೆಲ್‌ನವರೇ ಸುಮಾರು 270 ಕೋಟಿ ಡಾಲರಿಗೆ ಕೊಂಡರು. ಅದರ ಮರಿನಾರಾದಲ್ಲಿ ಸಕ್ಕರೆ ಹಾಕೋದಿಲ್ಲ, ಪೇಸ್ಟ್ ಹಾಕೋದಿಲ್ಲ, ಸುಮ್ನೆ ಹೇಳಬಾರದು, ಚೆನ್ನಾಗಿದೆ. ಆದರೂ ಅದು ಟೊಮೆಟೊ ಸಾಸೇ.

ಒಗ್ಗರಣೆ ಸೌಟು:
ಇಟಲಿಯವರು ಬಾಟಲಿ ಕೊಳ್ಳೋದೇ ಇಲ್ವಾ? ಎಲ್ಲರ ಮನೆಯಲ್ಲೂ ಓನರಜ್ಜಿ ಇರ್ತಾರಾ?

ಪೋರ್ಟಿಕೊ ನೆರಳು:
ಧಾರಾಳವಾಗಿ ಕೊಳ್ಳುತ್ತಾರೆ. ಸ್ಟಾರ್ ಕಂಪನಿಯ ಗ್ರಾನ್ ರಗೂ, ಬರಿಲ್ಲಾದ ಬೊಲೊನೀಸ್ ಎರಡೂ ಅಲ್ಲಿನ ಅಂಗಡಿಗಳಲ್ಲಿವೆ, ಒಳಗೆ ಮಾಂಸವೂ ಇದೆ. ಯೂರೋಪಿನ ನಿಯಮದಂತೆ ಹೆಸರಿನಲ್ಲಿ ಎತ್ತಿ ಹೇಳಿದ ಪದಾರ್ಥದ ಶೇಕಡಾವಾರು ಲೇಬಲ್ ಮೇಲೆ ಬರೆಯಲೇಬೇಕು. ಹಾಗಾಗಿ ಅಲ್ಲಿ ಗಿರಿನಗರದವರಿಗೆ ಆದ ಮೋಸ ಕಷ್ಟ. ಪರೀಕ್ಷೆ ವಾರದಲ್ಲಿ ನಾವೂ ಅದನ್ನೇ ತಿನ್ನುತ್ತಿದ್ದೆವು. ಖಾಲಿ ಬಾಟಲಿ ಅಜ್ಜಿಗೆ ಕಾಣದ ಹಾಗೆ ಪೇಪರಿನಲ್ಲಿ ಸುತ್ತಿ ಗಾಜು ಹಾಕುವ ಕಸದ ಡಬ್ಬಕ್ಕೆ ಹಾಕುತ್ತಿದ್ದೆವು.

ಉಳ್ಳಾಲದ ಅಲೆ:
ಎಲ್ಲರೂ ಬೊಲೊನ್ಯಾ ಬೊಲೊನ್ಯಾ ಅನ್ನುತ್ತಿದ್ದೀರಿ. ನಾನು ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ದುಡಿದವನು. ನಮ್ಮ ದೊಡ್ಡ ಶೆಫ್ ನೇಪಲ್ಸ್‌ನವರು. ಅವರ ಮುಂದೆ ಖೀಮಾ ರಗೂ ಅಂದರೆ ಮುಖ ತಿರುಗಿಸುತ್ತಿದ್ದರು. ಅದು ಹಲ್ಲಿಲ್ಲದವರಿಗೆ ಅಂತೆ!

ನೇಪಲ್ಸ್ ರಗೂನಲ್ಲಿ ಮಾಂಸ ಕೊಚ್ಚುವುದಿಲ್ಲ. ದನದ ದೊಡ್ಡ ತುಂಡು, ಹಂದಿ ಪಕ್ಕೆಲುಬು, ಒಳಗೆ ಬೆಳ್ಳುಳ್ಳಿ, ಪಾರ್ಸ್ಲಿ, ಚೀಸ್, ಒಣದ್ರಾಕ್ಷಿ ಇಟ್ಟು ದಾರ ಸುತ್ತಿದ ಮಾಂಸದ ಸುರುಳಿ. ಇವನ್ನೆಲ್ಲ ಈರುಳ್ಳಿ ಜೊತೆ ಕೆಂಪಗೆ ಮಾಡಿ, ವೈನ್ ಹಾಕಿ, ಟೊಮೆಟೊ ಸುರಿಯೋದು. ಇಲ್ಲಿ ಟೊಮೆಟೊ ಜಾಸ್ತಿನೇ. ಆಮೇಲೆ ಐದಾರು ಗಂಟೆ.

ಆ ಕುದಿಗೆ ಅವರ ಭಾಷೆಯಲ್ಲಿ ಬೇರೆಯೇ ಕ್ರಿಯಾಪದ ಇದೆ, ಪಿಪ್ಪಿಯಾರೆ. ಮರದ ಸೌಟನ್ನು ಪಾತ್ರೆ ಬಾಯಿಗೆ ಅಡ್ಡ ಇಟ್ಟು ಅದರ ಮೇಲೆ ಮುಚ್ಚಳ ಇಡುತ್ತಾರೆ, ಒಂದು ಬೆರಳು ಸಂದು ಇರುವ ಹಾಗೆ. ಒಳಗೆ ಕೊತಕೊತ ಅನ್ನಬಾರದು. ಪುಳುಕ್... ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ ಪುಳುಕ್. ಕೆಸರುಗದ್ದೆಯಲ್ಲಿ ಗುಳ್ಳೆ ಏಳುತ್ತಲ್ಲ, ಹಾಗೆ. ನಾನು ಹೊಸದರಲ್ಲಿ ಬೇಗ ಆಗಲಿ ಅಂತ ಉರಿ ಜಾಸ್ತಿ ಮಾಡಿದ್ದೆ. ಶೆಫ್ ಮೂರು ಒಲೆ ಆಚೆ ನಿಂತಿದ್ದವರು ತಿರುಗಿ ನೋಡಿದರು. ಸದ್ದಿನಲ್ಲೇ ಗೊತ್ತಾಗಿತ್ತು.

ಕೊನೆಗೆ ಸಾಸ್ ಕಂದುಗೆಂಪು, ಮೇಲೆ ಎಣ್ಣೆ ತೇಲುತ್ತೆ. ಆ ಸಾಸನ್ನು ಕೈಯಲ್ಲಿ ಮುರಿದ ಜೀತಿ ಅನ್ನೋ ಉದ್ದ ಕೊಳವೆಯಂಥ ಪಾಸ್ತಾಗೆ ಹಾಕುತ್ತಾರೆ. ಮಾಂಸವನ್ನು ಎತ್ತಿಟ್ಟು ಆಮೇಲೆ ಬೇರೆ ತಟ್ಟೆಯಲ್ಲಿ ಕೊಡುತ್ತಾರೆ. ಒಂದೇ ಪಾತ್ರೆಯಲ್ಲಿ ಭಾನುವಾರದ ಎರಡು ಊಟದ ಸುತ್ತು. ಈ ಜಾತಿಯ ಸಾಸ್ ಬಾಟಲಿಯಲ್ಲಿ ಹೇಗೆ ಬರುತ್ತೆ ಹೇಳಿ. ಪಕ್ಕೆಲುಬು ಬಾಟಲಿ ಬಾಯಲ್ಲಿ ತೂರೋದೇ ಇಲ್ಲ.

ನ್ಯೂಜೆರ್ಸಿ ನಾಗು:
ಅದೇ ಇಲ್ಲಿ "ಸಂಡೇ ಗ್ರೇವಿ" ಆಗಿರೋದು! ಪಕ್ಕದ ಮನೆಯವರ ಮುತ್ತಜ್ಜ ನೇಪಲ್ಸ್ ಕಡೆಯವರು. ಭಾನುವಾರ ಬೆಳಿಗ್ಗೆಯೇ ಬೀದಿಗೆಲ್ಲ ವಾಸನೆ. ಇಲ್ಲಿ ಸಾಸೇಜ್, ಮಾಂಸದುಂಡೆ ಎಲ್ಲ ಸೇರಿಕೊಂಡಿವೆ. ಬಾಟಲಿ ಸಾಸುಗಳು ಟೊಮೆಟೊ ಕಡೆ ವಾಲಿರೋದಕ್ಕೆ ಇದೂ ಒಂದು ಕಾರಣ. ಅಮೆರಿಕಕ್ಕೆ ಬಂದ ಇಟಾಲಿಯನ್ನರಲ್ಲಿ ದಕ್ಷಿಣದವರೇ ಜಾಸ್ತಿ. ಹೆಸರು ಬೊಲೊನ್ಯಾದ್ದು, ನಾಲಿಗೆ ನೇಪಲ್ಸಿನದ್ದು.

ಗಿರಿನಗರ ಗೆಳೆಯ:
ಅಯ್ಯೋ, ಇಷ್ಟೊಂದಿದೆ ಅಂತ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ದನ, ಹಂದಿ ಎರಡೂ ನಡೆಯೋದಿಲ್ಲ. ಮಟನ್ ಖೀಮಾದಲ್ಲಿ ಮಾಡಿದರೆ ಅವರು ಬೇಜಾರು ಮಾಡಿಕೊಳ್ತಾರಾ?

ಪೋರ್ಟಿಕೊ ನೆರಳು:
ಬೊಲೊನ್ಯಾದ್ದು ಅಂತ ಹೇಳಬೇಡಿ, ಅಷ್ಟೇ. ಅಬ್ರುತ್ಸೊ ಕಡೆ ಕುರಿಮರಿ ರಗೂ ಹಳೇ ಪದ್ಧತಿ. ತೋಸ್ಕಾನಾದಲ್ಲಿ ಕಾಡುಹಂದಿ, ವೆನೆತೊದಲ್ಲಿ ಬಾತುಕೋಳಿ, ಬಾರಿ ಊರಲ್ಲಿ ಕುದುರೆ ಮಾಂಸ ಕೂಡ. ಊರಿಗೊಂದು. ಮಟನ್ ಮಾಡಿ. ಪಾನ್ಚೆತ್ತಾ ಇಲ್ಲದ ಕಡೆ ಖೀಮಾ ಜೊತೆ ಸ್ವಲ್ಪ ಕುರಿ ಕೊಬ್ಬು ಹಾಕಿಸಿಕೊಳ್ಳಿ. ಅಂಗಡಿಯವನಿಗೆ ನುಣ್ಣಗೆ ಬೇಡ, ಒಂದೇ ಸಲ ಅರೆದು ಕೊಡಿ ಅನ್ನಿ. ಮಸಾಲೆ ಡಬ್ಬಿ ಕೈಗೆ ಸಿಗದ ಹಾಗೆ ಮೇಲಿಡಿ.

ಸಾರನ್ನ:
ಸಸ್ಯಾಹಾರಿಗಳಿಗೆ?

ಒಗ್ಗರಣೆ ಸೌಟು:
ನಿಮಗೆ ಬಾಟಲಿನೇ ಸರಿ. ಮಾಂಸ ಇಲ್ಲ ಅಂತ ಈಗಷ್ಟೇ ತೀರ್ಮಾನ ಆಯ್ತಲ್ಲ.

ಗಿರಿನಗರ ಗೆಳೆಯ:
ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ಮಾಡಿದೆ. ಮಟನ್ ಖೀಮಾ ಮುಕ್ಕಾಲು ಕೆಜಿ, ಅದರಲ್ಲೇ ಕೊಬ್ಬು. ಅಗಲದ ಬಾಣಲೆಯಲ್ಲಿ ಎರಡು ಕಂತಾಗಿ ಹುರಿದೆ, ಡಬ್ಬಿ ಮುಚ್ಚಳ ಅವರ ಮಾತು ನೆನಪಿತ್ತು. ಮೊದಲ ಕಂತು ಹದಿನೈದು ನಿಮಿಷ ಆದರೂ ಬುಸುಬುಸು ಅನ್ನುತ್ತಲೇ ಇತ್ತು. ಇನ್ನು ಆಗಲ್ಲ ಅಂತ ಬಿಟ್ಟು ಬಿಡುವ ಹೊತ್ತಿಗೆ ಸದ್ದು ಬದಲಾಯ್ತು. ಹೆಂಡತಿಯನ್ನು ಕೂಗಿ ಕರೆದು ಕೇಳಿಸಿದೆ. ಅವಳು ಬಂದು ಕೇಳಿ, "ಇದನ್ನು ನಾನು ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ" ಅಂದು ಹೋದಳು.

ವೈನ್ ಬೆಂಗಳೂರು ಹತ್ತಿರದ್ದೇ. ಹಾಲು ಅರ್ಧ ಲೋಟ ಸಾಕು ಅನ್ನಿಸಿತು. ಎರಡೂಮುಕ್ಕಾಲು ಗಂಟೆ. ತಾಲ್ಯಾತೆಲ್ಲೆ ಸಿಗಲಿಲ್ಲ, ಲಸಾನ್ಯ ಹಾಳೆ ಬೇಯಿಸಿ ಚಾಕುವಿನಲ್ಲಿ ಉದ್ದುದ್ದ ಕತ್ತರಿಸಿದೆ. 8 ಮಿಲಿಮೀಟರ್ ಅಲ್ಲ, ಒಂದೊಂದು ಒಂದೊಂದು ಅಗಲ.

ಅತಿಥಿ ತಿಂದರು. ಕ್ಯಾರೆಟ್ ಇನ್ನೂ ಸಣ್ಣಗೆ ಹೆಚ್ಚಬೇಕಿತ್ತು ಅಂದರು, ಉಪ್ಪು ಒಂಚೂರು ಮುಂದೆ ಅಂದರು. ಹೋದ ಸಲ ಹೀಗೆ ಒಂದು ತಪ್ಪೂ ಹೇಳಿರಲಿಲ್ಲ. ಆಮೇಲೆ ತಟ್ಟೆ ಒರೆಸೋಕೆ ಬ್ರೆಡ್ ಇದೆಯಾ ಅಂತ ಕೇಳಿದರು. ಇರಲಿಲ್ಲ, ಚಪಾತಿ ಕೊಟ್ಟೆ.

ಮಿಕ್ಕಿದ್ದನ್ನು ಇವತ್ತು ಬೆಳಿಗ್ಗೆ ದೋಸೆಗೆ ಹಾಕಿಕೊಂಡು ತಿಂದೆವು. ಪೋರ್ಟಿಕೊ ಸರ್, ಇದನ್ನು ನಿಮ್ಮ ಅಜ್ಜಿಗೆ ಹೇಳಬೇಡಿ.

ಪೋರ್ಟಿಕೊ ನೆರಳು:
ಹೇಳಲ್ಲ. ಹೇಗಿತ್ತು?

ಗಿರಿನಗರ ಗೆಳೆಯ:
ಸೆಟ್ ದೋಸೆಗೆ ಸೂಪರ್. ಗರಿ ದೋಸೆಗೆ ಬೇಡ, ಮೆತ್ತಗಾಗುತ್ತೆ.